ವಾರಂಟಿ ಕೋರುವ ಮುನ್ನ: ಗಣಕಯಂತ್ರದ ದೋಷವನ್ನು ಗುರುತಿಸುವ ಬಗೆ

ಮಾಸಿಕವಾಗಿ ಜಿಎಸ್‌ಟಿಆರ್-3ಬಿ ಸಲ್ಲಿಸುವ ವರ್ತಕರಿಗೆ ಪ್ರತಿ ತಿಂಗಳ 20ನೇ ತಾರೀಖು ಕಡೆಯ ದಿನ. ಅದಕ್ಕೆ ಎರಡು ದಿನವಿರುವಾಗ ಲೆಕ್ಕಪತ್ರದ ಗಣಕಯಂತ್ರವು ಸ್ತಬ್ಧವಾದರೆ ವಹಿವಾಟೇ ನಿಂತಂತೆ. ಆತುರದಲ್ಲಿ ಇಡೀ ಯಂತ್ರವನ್ನು ಸೇವಾ ಕೇಂದ್ರಕ್ಕೆ ಒಪ್ಪಿಸುವವರೇ ಹೆಚ್ಚು. ದೋಷವು ಕೇವಲ ಸಡಿಲಗೊಂಡ ಕೇಬಲ್ಲಿನದಾಗಿದ್ದಲ್ಲಿ ‘ದೋಷ ಕಂಡುಬಂದಿಲ್ಲ’ ಎಂಬ ಷರಾದೊಂದಿಗೆ ಯಂತ್ರವು ಹಿಂದಿರುಗುತ್ತದೆ; ಅಷ್ಟರಲ್ಲಿ ಕಡೆಯ ದಿನ ಕಳೆದಿರುತ್ತದೆ.

ಡೆಸ್ಕ್‌ಟಾಪ್ ಯಂತ್ರದಲ್ಲಿ ಮೊದಲು ಪರೀಕ್ಷಿಸಬೇಕಾದುದು ವಿದ್ಯುತ್ ಪೂರೈಕೆ. ದೀಪ ಬೆಳಗದೆ, ಫ್ಯಾನ್ ತಿರುಗದೆ ಇದ್ದರೆ ಯಂತ್ರವನ್ನು ಯುಪಿಎಸ್‌ನಿಂದ ಬಿಡಿಸಿ, ಬೇರೊಂದು ಕೇಬಲ್ಲಿನಿಂದ ಗೋಡೆಯ ಸಾಕೆಟ್ಟಿಗೆ ನೇರವಾಗಿ ಜೋಡಿಸಬೇಕು. ಆಗ ಚಾಲನೆಗೊಂಡರೆ ದೋಷವು ಯುಪಿಎಸ್ ಅಥವಾ ಹಳೆಯ ಕೇಬಲ್ಲಿನದು. ಫ್ಯಾನ್ ತಿರುಗಿಯೂ ಪರದೆ ಕಪ್ಪಾಗಿದ್ದಲ್ಲಿ ಮಾನಿಟರನ್ನು ಮತ್ತೊಂದು ಯಂತ್ರಕ್ಕೆ ಜೋಡಿಸಿ ನೋಡಬೇಕು. ಮಾನಿಟರ್ ಸರಿಯಿದ್ದರೆ ಪ್ಲಗ್ ಕಿತ್ತು, ರ‍್ಯಾಮ್ ಪಟ್ಟಿಯನ್ನು ತೆಗೆದು ಪುನಃ ಭದ್ರವಾಗಿ ಕೂರಿಸುವುದರಿಂದ ಅನೇಕ ಬಾರಿ ತೊಂದರೆ ನಿವಾರಣೆಯಾಗುತ್ತದೆ. ಎರಡು ಪಟ್ಟಿಗಳಿದ್ದಲ್ಲಿ ಒಂದೊಂದನ್ನೇ ಇಟ್ಟು ಪರೀಕ್ಷಿಸಿದರೆ ಕೆಟ್ಟದ್ದು ಯಾವುದೆಂದು ತಿಳಿಯುತ್ತದೆ. ಕವಚದ ಮೇಲೆ ತಯಾರಕರ ಮುದ್ರೆಯಿದ್ದಲ್ಲಿ ಬಿಚ್ಚುವ ಮುನ್ನ ವಾರಂಟಿ ಷರತ್ತುಗಳನ್ನು ಓದುವುದು ಅವಶ್ಯಕ.

ಪ್ರತಿದಿನ ಬೆಳಿಗ್ಗೆ ಯಂತ್ರದ ದಿನಾಂಕ ಹಿಂದಕ್ಕೆ ಸರಿದಿದ್ದರೆ, ಸಾಮಾನ್ಯವಾಗಿ ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿ ಮುಗಿದಿದೆಯೆಂದು ಅರ್ಥ. ದಿನಾಂಕ ತಪ್ಪಿದರೆ ಬಿಲ್ಲುಗಳ ತಾರೀಖು ಕೆಡುವುದಲ್ಲದೆ ಸುರಕ್ಷಿತ ಜಾಲತಾಣಗಳೂ ತೆರೆಯಲಾರವು. ಹಿಟ್ಟಿನ ಗಿರಣಿ, ಹತ್ತಿ ಮಂಡಿಗಳಂತಹ ಧೂಳಿನ ಸ್ಥಳಗಳಲ್ಲಿ ಯಂತ್ರವು ಕೆಲಹೊತ್ತು ನಡೆದು ತಾನಾಗಿಯೇ ಆರಿಹೋದರೆ, ಪ್ರೊಸೆಸರಿನ ಫ್ಯಾನಿನಲ್ಲಿ ಧೂಳು ತುಂಬಿ ಶಾಖ ಹೆಚ್ಚಿರುವ ಸಂಭವವಿದೆ. ಇವೆರಡಕ್ಕೂ ಅಲ್ಪ ವೆಚ್ಚವೇ ಸಾಕು.

ಹಾರ್ಡ್‌ಡಿಸ್ಕಿನ ವಿಷಯ ಮಾತ್ರ ಭಿನ್ನ. ಅದರಿಂದ ‘ಟಕ್ ಟಕ್’ ಸದ್ದು ಕೇಳಿಬಂದರೆ ಪದೇ ಪದೇ ಚಾಲನೆ ಮಾಡುವುದು ಅಪಾಯಕರ. ಕೂಡಲೇ ಯಂತ್ರವನ್ನು ನಿಲ್ಲಿಸಿ, ಪ್ರತಿಯಿಲ್ಲದ ಲೆಕ್ಕಪತ್ರವಿದ್ದಲ್ಲಿ ದತ್ತಾಂಶ ಮರುಪಡೆಯುವ ತಜ್ಞರನ್ನು ಕಾಣಬೇಕು. ವಾರಂಟಿಯಡಿ ದೊರೆಯುವುದು ಹೊಸ ಡಿಸ್ಕ್ ಮಾತ್ರ. ಹಳೆಯ ಡಿಸ್ಕಿನೊಂದಿಗೆ ಹೋದ ಖಾತೆಗಳಿಗೆ ಸಾಮಾನ್ಯವಾಗಿ ಯಾವ ತಯಾರಕರೂ ಹೊಣೆಯಲ್ಲ. ಆದುದರಿಂದ ಯಂತ್ರ ಸುಸ್ಥಿತಿಯಲ್ಲಿರುವಾಗಲೇ ಪ್ರತಿದಿನ ಸಂಜೆ ಖಾತೆಗಳ ಪ್ರತಿಯನ್ನು ಬೇರೆಡೆ ತೆಗೆದಿರಿಸುವುದು ಒಳಿತು.

ಇಷ್ಟಾದರೂ ದೋಷ ಉಳಿದಲ್ಲಿ ವಾರಂಟಿ ಕೋರಿಕೆಗೆ ಬಲವಿರುತ್ತದೆ. ಖರೀದಿ ಬಿಲ್ಲು, ಯಂತ್ರದ ಕ್ರಮಸಂಖ್ಯೆ, ಪರದೆಯ ಮೇಲಿನ ದೋಷ ಸಂದೇಶದ ಛಾಯಾಚಿತ್ರ, ನಡೆಸಿದ ಪರೀಕ್ಷೆಗಳ ವಿವರ ಇವಿಷ್ಟನ್ನು ದೂರಿನೊಂದಿಗೆ ಸಲ್ಲಿಸಿ, ದೂರು ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ನೀರು ಬಿದ್ದ, ಕೆಳಗೆ ಬಿದ್ದ ಅಥವಾ ವಿದ್ಯುತ್ ಏರುಪೇರಿನಿಂದ ಸುಟ್ಟ ಭಾಗಗಳು ಸಾಮಾನ್ಯವಾಗಿ ವಾರಂಟಿಗೆ ಒಳಪಡುವುದಿಲ್ಲ.

ವರ್ತಕರು ಗಮನಿಸಬೇಕಾದ ಮತ್ತೊಂದು ಅಂಶವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯಂತೆ ವಾಣಿಜ್ಯ ಉದ್ದೇಶಕ್ಕಾಗಿ ಸರಕು ಕೊಂಡವರು ‘ಗ್ರಾಹಕ’ರಲ್ಲ. ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯ ಗಳಿಸಲೆಂದೇ ಕೊಂಡು ಬಳಸುವವರಿಗೆ ಮಾತ್ರ ಇದರಿಂದ ವಿನಾಯಿತಿಯುಂಟು. ಹೀಗಾಗಿ ಪ್ರತಿಯೊಂದು ವಿವಾದವೂ ಗ್ರಾಹಕ ಆಯೋಗದ ಮೆಟ್ಟಿಲೇರಲಾರದು. ಯಂತ್ರ ಕೊಳ್ಳುವಾಗಲೇ ವಾರಂಟಿಯ ಅವಧಿ, ದುರಸ್ತಿ ನಡೆಯುವ ಸ್ಥಳ ಹಾಗೂ ಬದಲಿ ಯಂತ್ರದ ವ್ಯವಸ್ಥೆಯನ್ನು ಲಿಖಿತವಾಗಿ ಪಡೆದವರು ಇಂತಹ ಸಂದರ್ಭದಲ್ಲಿ ನಿಶ್ಚಿಂತರು.