ಬಡ್ಡಿಯ ಕಣ್ಣಾಮುಚ್ಚಾಲೆ

ಪಕ್ಕದ ಮನೆಯ ಹುಡುಗಿ ಹೊಲಿಗೆ ಯಂತ್ರ ಕೊಳ್ಳಲು ಹೊರಟಿದ್ದಳು. ಬೆಲೆ 12,000 ರೂಪಾಯಿ. ಅಂಗಡಿಯವರು ಕೊಟ್ಟ ಚೀಟಿಯಲ್ಲಿ ‘ಬಡ್ಡಿ ಶೇ. 12, ತಿಂಗಳಿಗೆ 1,120 ರೂಪಾಯಿಯಂತೆ 12 ಕಂತು’ ಎಂದಿತ್ತು. “ಸರಿಯಾಗಿದೆಯಾ ನೋಡಿ ತಾತ” ಎಂದಳು.

ಒಂಬತ್ತನೇ ತರಗತಿಯ ನನ್ನ ಮೊಮ್ಮಗಳು ಥಟ್ಟನೆ ಲೆಕ್ಕ ಹಾಕಿದಳು. ವರ್ಷದ ಬಡ್ಡಿ 1,440, ಒಟ್ಟು 13,440, ಹನ್ನೆರಡರಿಂದ ಭಾಗಿಸಿದರೆ 1,120. “ಸರಿಯಾಗಿದೆ ತಾತ!”

ಸರಿಯಿಲ್ಲ ಮಗು. ಕಂತು ಕಟ್ಟಿದಂತೆಲ್ಲ ಅಸಲು ಕರಗುತ್ತದೆ. ಕೊನೆಯ ತಿಂಗಳು ಉಳಿಯುವ ಸಾಲ ಸಾವಿರ ಚಿಲ್ಲರೆ ಮಾತ್ರ. ಬಡ್ಡಿ ಮಾತ್ರ ಆಗಲೂ ಪೂರ್ತಿ 12,000ಕ್ಕೆ!

ಹಾಗಾದರೆ ನಿಜವಾದ ದರ ಎಷ್ಟು? ಇದಕ್ಕೆ ನೇರ ಸೂತ್ರವಿಲ್ಲ. ಹನ್ನೆರಡು ತಿಂಗಳ ಗುಣಾಕಾರದೊಳಗೆ ದರ ಅವಿತು ಕೂತಿರುತ್ತದೆ. ಊಹಿಸಿ ತಾಳೆ ನೋಡುವುದೇ ದಾರಿ.

ಹಳೆಯ ಲೆಡ್ಜರ್ ಹಾಳೆ ತೆಗೆದೆ. ಮೊದಲ ಊಹೆ, ತಿಂಗಳಿಗೆ ಶೇ. 1. ಸಾಲ 12,000, ಬಡ್ಡಿ 120 ಸೇರಿಸು, ಕಂತು 1,120 ಕಳೆ, ಉಳಿದದ್ದು 11,000. ಹೀಗೇ ಹನ್ನೆರಡು ತಿಂಗಳು. ಕೊನೆಗೆ ಸಾಲ ತೀರಿ 682 ರೂಪಾಯಿ ಹೆಚ್ಚಿಗೆ ಕಟ್ಟಿದಂತಾಯಿತು. ಅಂದರೆ ಊಹೆ ಕಡಿಮೆ. ಶೇ. 2 ಹಿಡಿದೆವು. ಈಗ 197 ರೂಪಾಯಿ ಸಾಲ ಉಳಿಯಿತು. ಊಹೆ ಹೆಚ್ಚಾಯಿತು. ಕಳ್ಳ ಸಿಕ್ಕ, ಇವೆರಡರ ನಡುವೆಯೇ ಇದ್ದಾನೆ!

ನಡುವಿನ 1.5 ಹಿಡಿದರೆ 259 ಹೆಚ್ಚು ಕಟ್ಟಿದಂತೆ. 1.75ಕ್ಕೆ ಬರೀ 35 ಹೆಚ್ಚು. 1.875ಕ್ಕೆ 80 ಸಾಲ ಬಾಕಿ. ಪ್ರತಿ ಸಲವೂ ಅಂತರ ಅರ್ಧಕ್ಕರ್ಧ ಕಿರಿದಾಗುತ್ತದೆ. ಗಣಿತದವರು ಇದನ್ನು ದ್ವಿಭಾಜನ ವಿಧಾನ ಎನ್ನುತ್ತಾರೆ. ನ್ಯೂಟನ್ ಹೆಸರಿನ ವಿಧಾನ ಇನ್ನೂ ಬೇಗ ಮುಟ್ಟಿಸುತ್ತದೆ, ಆದರೆ ಮೊದಲ ಊಹೆ ಕೆಟ್ಟರೆ ದಾರಿ ತಪ್ಪಿಸುವುದೂ ಉಂಟು. ನನಗೆ ನಿಧಾನದ್ದೇ ಇಷ್ಟ. ಕಂಪ್ಯೂಟರ್ ಕೂಡ ಇಂಥ ಲೆಕ್ಕವನ್ನು ಊಹಿಸಿ, ತಿದ್ದಿಯೇ ಮಾಡುತ್ತದೆ; ನಮಗಿಂತ ಚುರುಕು, ಅಷ್ಟೆ.

ಕಾಫಿ ಆರುವಷ್ಟರಲ್ಲಿ 1.79ಕ್ಕೆ ಬಂದು ನಿಂತೆವು. ವರ್ಷಕ್ಕೆ ಸುಮಾರು ಶೇ. 21.5!

ಹುಡುಗಿ ಹಾಳೆಯನ್ನೇ ದಿಟ್ಟಿಸಿದಳು. “ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಉಳಿದ ಸಾಲಕ್ಕಷ್ಟೇ ತಿಂಗಳಿಗೆ ಶೇ. 1 ಬಡ್ಡಿ ತಾತ. ಅಲ್ಲಿ ಕಂತು ಎಷ್ಟಾಗುತ್ತದೆ?”

ಇದಕ್ಕೆ ಸೂತ್ರವಿದೆ, ಊಹೆ ಬೇಡ. 1,066 ರೂಪಾಯಿ. ತಿಂಗಳಿಗೆ 54ರಂತೆ ವರ್ಷಕ್ಕೆ 648 ಉಳಿತಾಯ ಎಂದು ಮೊಮ್ಮಗಳೇ ಬರೆದುಕೊಟ್ಟಳು. ಹುಡುಗಿ ಅಂಗಡಿಯ ಚೀಟಿ ಮಡಿಸಿಟ್ಟು ಸಂಘದ ಸಭೆಗೆ ಹೊರಟಳು.