ಹಸುರು ಸೂರ್ಯನೂ ಕಣದ ಗಾತ್ರವೂ

ಕ್ರಿ. ಶ. ೧೮೮೩ನೆಯ ಇಸವಿ ಸೆಪ್ಟೆಂಬರ್ ತಿಂಗಳಿನಲ್ಲಿ ಸಿಂಹಳದವರಿಗೂ ಮದರಾಸು ಪ್ರಾಂತದವರಿಗೂ ಸೂರ್ಯನು ಹಸುರಾಗಿ ಕಾಣಿಸಿದನು. ಉದಯಾಸ್ತಗಳಲ್ಲಿ ಕೆಂಪಡರಬೇಕಾದ ಬಿಂಬವು ಗರಿಕೆಯ ಬಣ್ಣಕ್ಕೆ ತಿರುಗಿತ್ತು. ಕೆಲವೆಡೆ ನೀಲಿಯೇ ಆಗಿತ್ತು. ಇಂಥದನ್ನು ಉತ್ಪಾತವೆಂದು ಬಗೆದವರಿದ್ದರೆ ಸೋಜಿಗವಿಲ್ಲ. ಮದರಾಸಿನಲ್ಲಿದ್ದ ಮಿಚಿ ಸ್ಮಿತ್ ಎಂಬ ಪ್ರಾಧ್ಯಾಪಕರು ವರ್ಣಪಟದರ್ಶಕವನ್ನು ಹಿಡಿದು ಆ ಬೆಳಕನ್ನು ಪರೀಕ್ಷಿಸಿದರು. ಆಗಸ್ಟ್ ೨೭ರಂದು ಸುಂದಾ ಜಲಸಂಧಿಯ ಕ್ರಕಟೋವಾ ಜ್ವಾಲಾಮುಖಿಯು ಸಿಡಿದು ಆಕಾಶಕ್ಕೆ ಎರಚಿದ ಸೂಕ್ಷ್ಮ ಕಣಗಳೇ ಇದಕ್ಕೆ ಕಾರಣವೆಂದು ಮುಂದೆ ನಿಶ್ಚಯವಾಯಿತು.

ಆದರೆ ಹಸುರೇಕೆ? ಮುಂದೆ ರೇಲೀ ಪ್ರಭುವೆನಿಸಿದ ಜಾನ್ ಸ್ಟ್ರಟ್ ಮಹಾಶಯರು ೧೮೭೧ರಲ್ಲಿಯೇ ಒಂದು ನಿಯಮವನ್ನು ಕೊಟ್ಟಿದ್ದರು. ಬೆಳಕಿನ ಅಲೆಯುದ್ದಕ್ಕಿಂತ ಬಹಳ ಕಿರಿದಾದ ಕಣವು ಕೆಂಪನ್ನು ಚದರಿಸುವುದರ ನಾಲ್ಕು ಪಟ್ಟಿಗೂ ಮಿಕ್ಕು ನೀಲಿಯನ್ನು ಚದರಿಸುವುದು. ಆದುದರಿಂದಲೇ ಬಾನು ನೀಲಿ, ಮುಳುಗುವ ಸೂರ್ಯನು ಕೆಂಪು. ಕಣದ ಗಾತ್ರವು ಅಲೆಯುದ್ದಕ್ಕೆ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಆಸುಪಾಸಿಗೆ, ಬೆಳೆದಾಗ ಈ ನಿಯಮವು ಮುರಿದುಬೀಳುವುದು. ಕಣಗಳೆಲ್ಲ ಹೆಚ್ಚುಕಡಮೆ ಒಂದೇ ಅಳತೆಯವಾದರಂತೂ ಕೆಂಪೇ ಹೆಚ್ಚಾಗಿ ಚದರಿಹೋಗಿ, ಹಸುರು ನೀಲಿಗಳು ನೇರವಾಗಿ ನಮ್ಮ ಕಣ್ಣಿಗೆ ತಲಪಬಹುದು.

ಇದನ್ನು ಗಣಿತಕ್ಕೆ ಒಳಪಡಿಸಿದ ಕೀರ್ತಿಯು ಜರ್ಮನಿಯ ಗುಸ್ತಾವ್ ಮೀ ಅವರಿಗೆ ಸಂದಿದೆ. ನೀರಿನಲ್ಲಿ ತೇಲುವ ಚಿನ್ನದ ಕಣಗಳ ಬಣ್ಣಗಳನ್ನು ವಿವರಿಸಹೊರಟು, ೧೯೦೮ರಲ್ಲಿ ಅವರು ಯಾವ ಗಾತ್ರದ ಗೋಲಕ್ಕಾದರೂ ಹೊಂದುವ ಸೂತ್ರಗಳನ್ನು ಪ್ರಕಟಿಸಿದರು. ಡೆನ್ಮಾರ್ಕಿನ ಲೊರೆನ್ಸ್ ೧೮೯೦ರಲ್ಲಿಯೇ ಬಹುಮಟ್ಟಿಗೆ ಇದನ್ನು ಸಾಧಿಸಿದ್ದರು. ತಮ್ಮ ತಾಯ್ನುಡಿಯಲ್ಲಿ ಬರೆದುದರಿಂದ ಹೊರಗಿನವರು ಓದಲಿಲ್ಲ. ದೇಶಭಾಷೆಯ ಪತ್ರಿಕೆಯವರಾದ ನಮಗೆ ಇದು ಸ್ವಲ್ಪ ಚುಚ್ಚುವ ಸಂಗತಿಯೇ ಸರಿ.

ಗೋಲವೆಂಬ ಮಾತಿನಲ್ಲಿಯೇ ತೊಡಕಿರುವುದು. ಮಂಜಿನ ಹನಿಯು ಗೋಲ. ರಸ್ತೆಯ ಧೂಳು ಗೋಲವಲ್ಲ, ಹೊಗೆಯ ಮಸಿಯು ದ್ರಾಕ್ಷಿಗೊಂಚಲಿನಂತೆ. ೧೯೭೩ರಲ್ಲಿ ಪರ್ಸೆಲ್ ಮತ್ತು ಪೆನಿಪ್ಯಾಕರ್ ಎಂಬ ಅಮೆರಿಕದ ವಿಜ್ಞಾನಿಗಳು ನಕ್ಷತ್ರಗಳ ನಡುವಣ ಧೂಳಿಗಾಗಿ ಬೇರೊಂದು ಉಪಾಯವನ್ನು ಹೂಡಿದರು. ಸೊಟ್ಟ ಕಣವನ್ನು ಸಾಲುಗಟ್ಟಿದ ಸಣ್ಣ ಸಣ್ಣ ಬಿಂದುಗಳೆಂದು ಭಾವಿಸಿ, ಪ್ರತಿಯೊಂದು ಬಿಂದುವೂ ಮಿಕ್ಕವುಗಳ ಪ್ರಭಾವದಿಂದ ಹೇಗೆ ಕಂಪಿಸುವುದೆಂದು ಲೆಕ್ಕ ಹಾಕುವುದು. ಕಂಪ್ಯೂಟರಿಲ್ಲದೆ ಆಗುವ ಕೆಲಸವಲ್ಲ.

ಇದೆಲ್ಲ ಪಂಡಿತರ ವಿನೋದವೆಂದು ನಮ್ಮ ಅಧಿಕಾರಿಗಳು ಎಣಿಸಬಾರದು. ಇಂದು ಊರೂರಿನಲ್ಲಿ ತೂಗುಹಾಕುತ್ತಿರುವ ಅಗ್ಗದ ವಾಯುಮಾಪಕಗಳು ಧೂಳನ್ನು ತೂಗುವುದಿಲ್ಲ. ಅದು ಚದರಿಸಿದ ಲೇಸರ್ ಬೆಳಕನ್ನು ಅಳೆದು, ಕಣವು ಇಂಥದಿರಬಹುದೆಂದು ಊಹಿಸಿ ತೂಕವನ್ನು ಹೇಳುತ್ತವೆ. ತೇವದ ಬೆಳಗಿನಲ್ಲಿ ಕಣವು ನೀರು ಹೀರಿ ಉಬ್ಬಿದರೆ ಅಂಕಿಯು ಸುಮ್ಮನೆ ಏರುವುದು. ಒರಟು ಧೂಳು ಇಂಥ ಯಂತ್ರಕ್ಕೆ ಸರಿಯಾಗಿ ಕಾಣುವುದೇ ಇಲ್ಲ; ಜಲ್ಲಿ ಒಡೆಯುವ ಕೂಲಿಕಾರನು ಕೆಮ್ಮುತ್ತಿರುವಾಗಲೂ ಫಲಕವು ಗಾಳಿ ಚೆನ್ನಾಗಿದೆಯೆಂದು ಸಾರಬಹುದು. ಯಂತ್ರವನ್ನು ಬೇಡವೆನ್ನುವವರು ನಾವಲ್ಲ. ಕಣವನ್ನು ನಿಜವಾಗಿ ತೂಗುವ ಉಪಕರಣದ ಪಕ್ಕದಲ್ಲಿ, ಆಯಾ ಊರಿನ ಧೂಳಿನಲ್ಲಿಯೇ, ಮಳೆಗಾಲ ಬೇಸಗೆಗಳೆರಡರಲ್ಲಿಯೂ ಇಟ್ಟು ಹೊಂದಿಸಿದ ಬಳಿಕ ಅಂಕಿಗಳನ್ನು ಪ್ರಕಟಿಸಲಿ. ಹಾಗೆ ಹೊಂದಿಸಿದ ದಿನಾಂಕವನ್ನೂ ಫಲಕದ ಮೇಲೆ ಬರೆಯಲಿ.