ಸಮುದ್ರದ ಮರಳಿನಲ್ಲಿ ಹಿಮಾಲಯದ ಲೆಕ್ಕ

ಹಿಮಾಲಯ ಇನ್ನೂ ಬೆಳೀತಾ ಇದೆ ಅಂತ ಶಾಲೆಯಲ್ಲೇ ಓದಿದ್ದೇವೆ. ಜೊತೆಜೊತೆಗೇ ಅದು ಸವೆಯುತ್ತಲೂ ಇದೆ. ಸವೆದ ಕಲ್ಲೆಲ್ಲ ಎಲ್ಲಿ ಹೋಯ್ತು? ಬಹುಪಾಲು ಗಂಗೆ, ಬ್ರಹ್ಮಪುತ್ರೆಗಳ ಜೊತೆ ಬಂಗಾಳಕೊಲ್ಲಿ ಸೇರಿತು. ಅಲ್ಲಿ ಸಮುದ್ರದ ತಳದಲ್ಲಿ ಸುಮಾರು 3000 ಕಿ.ಮೀ. ಉದ್ದಕ್ಕೆ, ಶ್ರೀಲಂಕಾವನ್ನೂ ದಾಟಿ, ಬೀಸಣಿಗೆಯ ಹಾಗೆ ಹರಡಿದ ಮರಳು, ಹೂಳಿನ ರಾಶಿ ಇದೆ. ಅದನ್ನು ಬೆಂಗಾಲ್ ಫ್ಯಾನ್ ಅಂತಾರೆ.

ಈ ರಾಶಿಯ ಮುಂದೆ ಒಂದು ಹಳೇ ಜಗಳವಿದೆ. ಸುಮಾರು 26 ಲಕ್ಷ ವರ್ಷಗಳ ಹಿಂದೆ ಉತ್ತರ ಗೋಳಾರ್ಧದಲ್ಲಿ ಹಿಮಯುಗಗಳು ಶುರುವಾದವು. ಆಮೇಲೆ ಬೆಟ್ಟಗಳು ಹೆಚ್ಚು ಜೋರಾಗಿ ಸವೆದವೇ? ಸಿಲಿಕೇಟ್ ಕಲ್ಲು ನೀರಿನಲ್ಲಿ ಶಿಥಿಲವಾಗುವಾಗ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಖರ್ಚಾಗುತ್ತದೆ. ಹಾಗಾಗಿ ಬೆಟ್ಟ ಸವೆದು ಭೂಮಿ ತಣ್ಣಗಾಯ್ತೋ, ಭೂಮಿ ತಣ್ಣಗಾಗಿ ಬೆಟ್ಟ ಸವೆಯಿತೋ? 1990ರಲ್ಲಿ ಮೋಲ್ನಾರ್ ಮತ್ತು ಇಂಗ್ಲೆಂಡ್ ಎಂಬಿಬ್ಬರು ಇದನ್ನು ಕೋಳಿ ಮೊದಲೋ ಮೊಟ್ಟೆ ಮೊದಲೋ ಅಂತಲೇ ಕೇಳಿದ್ದರು.

ಹೂಳಿನ ಪದರದ ದಪ್ಪ ಅಳೆದರೆ ಆಯ್ತಲ್ಲ, ಅನ್ನಬಹುದು. ಅಳೆದೂ ಇದ್ದಾರೆ, ಇತ್ತೀಚಿನ ಪದರಗಳು ಹಲವು ಕಡೆ ದಪ್ಪಗಿವೆ. ಆದರೆ ಹಳೇ ಪದರ ಒತ್ತಡಕ್ಕೆ ಅಮುಕಿರುತ್ತದೆ, ಕೆಲವೆಡೆ ಕೊಚ್ಚಿಯೂ ಹೋಗಿರುತ್ತದೆ. ಸಮುದ್ರದ ತಳದ ಕಾಲುವೆಗಳೂ ಜಾಗ ಬದಲಿಸುತ್ತವೆ. ಉಳಿದಿರೋದನ್ನು ಅಳೆದು ಬಂದದ್ದೆಷ್ಟು ಅಂತ ಹೇಳೋದು ಕಷ್ಟ.

ಬೆರಿಲಿಯಂ-10 ಉಪಯೋಗಕ್ಕೆ ಬರೋದು ಇಲ್ಲೇ. ಕಾಸ್ಮಿಕ್ ಕಿರಣಗಳು ಬೆಣಚುಕಲ್ಲಿನ ಆಮ್ಲಜನಕಕ್ಕೆ ಬಡಿದಾಗ ಈ ಐಸೋಟೋಪ್ ಹುಟ್ಟುತ್ತದೆ. ಸಮುದ್ರಮಟ್ಟದಲ್ಲಿ ಒಂದು ಗ್ರಾಂ ಬೆಣಚಿಗೆ ವರ್ಷಕ್ಕೆ ನಾಲ್ಕೈದು ಪರಮಾಣು, ಅಷ್ಟೇ! ಎತ್ತರ ಹೋದಷ್ಟೂ ಜಾಸ್ತಿ. ಕಿರಣಗಳು ಕಲ್ಲಿನೊಳಗೆ ಇಳಿದಂತೆ ಸೊರಗುತ್ತವೆ. ಸುಮಾರು 60 ಸೆಂ.ಮೀ. ಆಳಕ್ಕೆ ಮೂರನೇ ಒಂದು ಭಾಗದಷ್ಟು ಮಾತ್ರ ಉಳಿಯುತ್ತವೆ. ಈಗ ಲೆಕ್ಕ ಹಾಕೋಣ. ಬೆಟ್ಟ ವರ್ಷಕ್ಕೆ 1 ಮಿ.ಮೀ. ಸವೆದರೆ ಆ 60 ಸೆಂ.ಮೀ. ದಾಟಿ ಮೇಲೆ ಬರಲು ಕಲ್ಲಿಗೆ 600 ವರ್ಷ ಬೇಕು. ವರ್ಷಕ್ಕೆ 40 ಪರಮಾಣು ಹುಟ್ಟುವ ಎತ್ತರದಲ್ಲಾದರೆ ಗ್ರಾಂಗೆ ಸುಮಾರು 24,000 ಸಿಗುತ್ತದೆ. ಸವೆತ ಹತ್ತು ಪಟ್ಟು ನಿಧಾನವಾದರೆ 2,40,000. ಬಿಸಿಲಲ್ಲಿ ಎಷ್ಟು ಹೊತ್ತು ನಿಂತಿದ್ದೆ ಅಂತ ಮೈಬಣ್ಣ ಹೇಳೋ ಹಾಗೆ. ಎಷ್ಟು ಹೂಳು ಉಳಿದಿದೆ ಅನ್ನೋ ಪ್ರಶ್ನೆಯೇ ಬೇಡ, ಹಿಡಿ ಮರಳು ಸಾಕು. ಅದರಲ್ಲಿ ಬೆಟ್ಟದ ಸಾವಿರಾರು ಕಡೆಯ ಕಣಗಳು ಬೆರೆತಿರುತ್ತವೆ.

ಎಣಿಸೋದು ಮಾತ್ರ ಸುಲಭವಲ್ಲ. ಬೆಣಚನ್ನು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ತೊಳೆದು, ಆಕ್ಸಲರೇಟರ್ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅಳೀಬೇಕು. ಬೋರಾನ್-10ಕ್ಕೂ ಹೆಚ್ಚುಕಮ್ಮಿ ಅದೇ ತೂಕ, ಅದನ್ನು ಬೇರ್ಪಡಿಸೋದೇ ಒಂದು ತಲೆನೋವು. (ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಲರೇಟರ್ ಸೆಂಟರ್‌ನಲ್ಲಿ ಇಂಥ ಯಂತ್ರವಿದೆ. ಇನ್‌ಸ್ಟ್ರುಮೆಂಟೇಶನ್‌ನವರು ಇಂಟರ್ನ್‌ಶಿಪ್ ಹುಡುಕುವಾಗ ನೆನಪಿಟ್ಟುಕೊಳ್ಳಿ.) ಜೊತೆಗೆ ಬೆರಿಲಿಯಂ-10 ಸುಮಾರು 13.9 ಲಕ್ಷ ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. 60 ಲಕ್ಷ ವರ್ಷ ಹಳೆಯ ಮರಳಿನಲ್ಲಿ ನೂರಕ್ಕೆ ಐದು ಮಾತ್ರ ಉಳಿದಿರುತ್ತದೆ. ಅದಕ್ಕಿಂತ ಹಿಂದೆ ಹೋಗೋದು ಬಹಳ ಕಷ್ಟ.

2015ರಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಹಡಗು ಕನ್ಯಾಕುಮಾರಿಯ ಅಕ್ಷಾಂಶದ ಆಸುಪಾಸಿನಲ್ಲೇ, 8 ಡಿಗ್ರಿ ಉತ್ತರದಲ್ಲಿ, ಬಂಗಾಳಕೊಲ್ಲಿಯ ತಳವನ್ನು ಏಳು ಕಡೆ ಕೊರೆಯಿತು. ಆ ಮರಳು ಗಂಗೆಯದೋ ಬ್ರಹ್ಮಪುತ್ರೆಯದೋ ಎಂದು ತಿಳಿಯಲು ಸ್ಟ್ರಾನ್ಷಿಯಂ, ನಿಯೋಡಿಮಿಯಂ ಐಸೋಟೋಪ್‌ಗಳಿವೆ; ಕಲ್ಲಿನ ಮೂಲ ಬದಲಾದರೆ ಅವುಗಳ ಅನುಪಾತವೂ ಬದಲಾಗುತ್ತದೆ. ಇದನ್ನು ನೋಡದೆ ಬೆರಿಲಿಯಂ ಒಂದನ್ನೇ ನಂಬಿದರೆ, ನದಿಗಳ ಪಾಲು ಬದಲಾದದ್ದನ್ನೇ ಸವೆತ ಬದಲಾಯ್ತು ಅಂತ ತಪ್ಪು ತಿಳಿಯಬಹುದು.

2020ರಲ್ಲಿ ನೇಚರ್ ಜಿಯೋಸೈನ್ಸ್‌ನಲ್ಲಿ ಬಂದ ಫಲಿತಾಂಶ ನಮಗಂತೂ ಅಚ್ಚರಿ ತಂದಿತು. ಸುಮಾರು 60 ಲಕ್ಷ ವರ್ಷಗಳಲ್ಲಿ ಹಿಮಾಲಯದ ಸರಾಸರಿ ಸವೆತ ಹೆಚ್ಚುಕಮ್ಮಿ ಒಂದೇ ಸಮನಾಗಿತ್ತು, ಹಿಮಯುಗ ಬಂದ ಮೇಲೂ! ಹಾಗಾದರೆ ಅಲ್ಲಿ ಸವೆತದ ವೇಗ ನಿರ್ಧರಿಸೋದು ಹವಾಮಾನಕ್ಕಿಂತ ಹೆಚ್ಚಾಗಿ ಭೂಫಲಕಗಳ ಒತ್ತಡವೇ ಅನ್ನೋ ವಾದಕ್ಕೆ ಬಲ ಬಂತು.

ಆದರೂ ಇದು ಇಡೀ ಪರ್ವತದ ಸರಾಸರಿ ಲೆಕ್ಕ. ಒಂದೊಂದು ಹಿಮನದಿ ಕಣಿವೆಯಲ್ಲಿ ಏನಾಯ್ತು ಅಂತ ಇದು ಹೇಳೋದಿಲ್ಲ. ದೊಡ್ಡ ಭೂಕುಸಿತವೊಂದು ಕಿರಣ ಮುಟ್ಟದ ಆಳದ ಕಲ್ಲನ್ನು ನದಿಗೆ ಸುರಿದರೆ ಲೆಕ್ಕ ಏರುಪೇರಾಗುತ್ತದೆ. ದಪ್ಪಗಿರುವ ಹೊಸ ಪದರಗಳಿಗೂ ಕಾರಣ ಹೇಳಬೇಕಾಗಿದೆ. ಆ ಜಗಳ ಇನ್ನೂ ಮುಗಿದಿಲ್ಲ.